ನಲ್ವತ್ತಕ್ಕೆ ಆಟ ಮುಗಿಯಿತೇ?

ಓದುಗ ಸಹೋದರಿಯರೇ, ನಿಮ್ಮಲ್ಲೊಂದು ಪ್ರಶ್ನೆ. ನೀವು ಕೊನೆಯ ಬಾರಿ ಆಟವಾಡಿದ್ದು ಯಾವಾಗ? ಮಕ್ಕಳನ್ನು ಆಡಿಸಿದ್ದಲ್ಲ, ಟಿ.ವಿ.ಯಲ್ಲಿ ಕ್ರಿಕೆಟ್ ನೋಡಿದ್ದಲ್ಲ, ಬಸ್ಸು ತಪ್ಪೀತೆಂದು ಓಡಿದ್ದೂ ಅಲ್ಲ. ಗೆಲ್ಲಲೇಬೇಕೆಂದು ಹಟ ತೊಟ್ಟು, ಬೆವರು ಸುರಿಸಿ, ಸೋತರೂ ನಗುತ್ತಾ ಆಡಿದ ಆಟ? ನೆನಪಿಸಿಕೊಳ್ಳಲು ತುಸು ಹೊತ್ತು ಬೇಕಾಯಿತೆಂದರೆ ಬೇಸರ ಬೇಡ. ನಮ್ಮಲ್ಲಿ ಹೆಚ್ಚಿನವರ ಉತ್ತರ ಏಳನೆಯ ತರಗತಿಯಲ್ಲೋ ಹತ್ತನೆಯ ತರಗತಿಯಲ್ಲೋ ನಿಂತುಬಿಡುತ್ತದೆ.

ಹಾಗೆಂದು ನಮ್ಮ ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಆಟಕ್ಕೆ ಬರವಿದೆಯೇ? ಇಲ್ಲ. ಮಳೆಗಾಲದಲ್ಲಿ ಗದ್ದೆಗಳಲ್ಲಿ ‘ಕೆಸರ್ಡೊಂಜಿ ದಿನ’. ಮಳೆ ನಿಂತಿತೆಂದರೆ ಪೇಟೆಯ ಮೂಲೆ ಮೂಲೆಯಲ್ಲೂ ಹೊನಲು ಬೆಳಕಿನ ಕಬಡ್ಡಿ, ವಾಲಿಬಾಲ್, ಹಗ್ಗಜಗ್ಗಾಟ ಪಂದ್ಯಾಟಗಳ ಫ್ಲೆಕ್ಸ್‌ಗಳು. ಶಾಲಾ ವಾರ್ಷಿಕೋತ್ಸವದ ಮುಂಚೆ ಪೋಷಕರಿಗೂ ಒಂದಿಷ್ಟು ಆಟೋಟ ಸ್ಪರ್ಧೆಗಳು. ಗಂಡಸರಿಗೆ ಪ್ರಾಯ ಐವತ್ತಾದರೂ ಹಗ್ಗ ಹಿಡಿಯಲು ಒಂದು ತಂಡ ಸಿಕ್ಕಿಯೇ ಸಿಗುತ್ತದೆ. ಹೆಂಗಸರ ಪಾಲಿಗೆ ಬರುವುದೇನು? ಲಿಂಬೆ-ಚಮಚ ಓಟ, ಸಂಗೀತ ಕುರ್ಚಿ, ಸೂಜಿಗೆ ನೂಲು ಪೋಣಿಸುವುದು. ಗೆದ್ದರೆ ಒಂದು ಸ್ಟೀಲ್ ಪಾತ್ರೆ. ಕೆಲವೆಡೆ ಹಗ್ಗಜಗ್ಗಾಟ, ತ್ರೋಬಾಲ್ ಇರುತ್ತದೆ. ಅಲ್ಲಿಗೆ ಬರುವವರು ಹೆಚ್ಚಾಗಿ ಎಳೆಯ ಪ್ರಾಯದವರು.

ಲಿಂಬೆ-ಚಮಚವನ್ನು ನಾನು ಹೀಗಳೆಯುತ್ತಿಲ್ಲ. ಅದರಲ್ಲೂ ಮೋಜಿದೆ. ಆದರೆ ಆ ಪಟ್ಟಿಯನ್ನೊಮ್ಮೆ ಗಮನಿಸಿ. ಹೆಣ್ಣಿಗೆ ತೋಳಿನ ಬಲವೂ ಇಲ್ಲ, ಕಣ್ಣಿನ ಗುರಿಯೂ ಇಲ್ಲ ಎಂದು ಮೊದಲೇ ತೀರ್ಮಾನಿಸಿ ಮಾಡಿದ ಪಟ್ಟಿಯಂತೆ ಅದು ಕಾಣುವುದಿಲ್ಲವೇ? ಎಲ್ಲ ಪ್ರಾಯದವರೂ ಸೇರುವ ಕ್ರೀಡಾಕೂಟದಲ್ಲಿ ಬಲಕ್ಕೆ ಪಂಜ ಕುಸ್ತಿ, ಗುರಿಗೆ ಬಿಲ್ಲುಗಾರಿಕೆ ಯಾಕಿರಬಾರದು? ಇವೆರಡಕ್ಕೂ ದೊಡ್ಡ ಮೈದಾನ ಬೇಡ, ಓಡುವ ಕಾಲು ಬೇಡ, ಉಡುಪು ಬದಲಿಸಬೇಕಾಗಿಲ್ಲ. ಅರುವತ್ತರ ಅಜ್ಜಿಯೂ ಹದಿನೆಂಟರ ಮೊಮ್ಮಗಳೂ ಎದುರು ಬದುರು ನಿಲ್ಲಬಹುದು.

ಎಲ್ಲ ಪ್ರಾಯದವರು ಆಡುವ ಕೂಟವೆಂಬುದು ಹೊಸ ವಿಷಯವಲ್ಲ. ಸುಳ್ಯದಿಂದ ಸಂಪಾಜೆ ಘಾಟಿ ಹತ್ತಿದರೆ ಕೊಡಗು. ಅಲ್ಲಿನ ಕರಡ ಗ್ರಾಮದಲ್ಲಿ 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರು ಕೊಡವ ಕುಟುಂಬಗಳ ಹಾಕಿ ಹಬ್ಬವನ್ನು ಆರಂಭಿಸಿದಾಗ ಬಂದದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡಗಳು ಸೇರಿ ಅದು ಗಿನ್ನೆಸ್ ದಾಖಲೆಗೂ ಹೋಯಿತು. ಅಲ್ಲಿ ತಂಡವೆಂದರೆ ಕುಟುಂಬ. ಆದ್ದರಿಂದ ಶಾಲೆಯ ಹುಡುಗನೂ ತಲೆ ನರೆತ ಹಿರಿಯರೂ ಮನೆಯ ಹೆಣ್ಮಕ್ಕಳೂ ಒಂದೇ ತಂಡದಲ್ಲಿ ಸ್ಟಿಕ್ ಹಿಡಿಯುತ್ತಾರೆ. ಛತ್ತೀಸ್‌ಗಢದಲ್ಲಿ 2022ರ ಅಕ್ಟೋಬರ್‌ನಲ್ಲಿ ಗಿಲ್ಲಿ ದಾಂಡು, ಲಗೋರಿ, ಕಬಡ್ಡಿ ಮುಂತಾದ 14 ಆಟಗಳ ‘ಛತ್ತೀಸ್‌ಗಢಿಯಾ ಒಲಿಂಪಿಕ್ಸ್’ ಆರಂಭವಾದಾಗ ಮೂರು ವಯೋಮಾನದ ವಿಭಾಗಗಳಿದ್ದವು: 18ರ ಕೆಳಗಿನವರು, 18ರಿಂದ 40, ಮತ್ತು 40 ದಾಟಿದವರು. ಸೀರೆಯುಟ್ಟ ಗೃಹಿಣಿಯರು ಕಬಡ್ಡಿಯಾಡಿದ್ದನ್ನು ದೇಶವೇ ನೋಡಿತು. ನಲ್ವತ್ತು ಅಲ್ಲಿ ಆಟದ ಕೊನೆಯಾಗಿರಲಿಲ್ಲ, ಬರೇ ಇನ್ನೊಂದು ವಿಭಾಗದ ಆರಂಭವಾಗಿತ್ತು.

1985ರಲ್ಲಿ ಕೆನಡಾದ ಟೊರಾಂಟೊದಲ್ಲಿ ಶುರುವಾದ ವರ್ಲ್ಡ್ ಮಾಸ್ಟರ್ಸ್ ಗೇಮ್ಸ್ ನಡೆಯುವುದೇ ಹಿರಿಯರಿಗಾಗಿ. 2017ರಲ್ಲಿ ನ್ಯೂಝಿಲ್ಯಾಂಡ್‌ನ ಆಕ್ಲೆಂಡ್‌ನಲ್ಲಿ ನಡೆದ ಕೂಟದಲ್ಲಿ ಬಿಲ್ಲುಗಾರಿಕೆಯೂ ಇತ್ತು. ಅದೇ ಕೂಟದಲ್ಲಿ ಪಂಜಾಬಿನ ಮನ್ ಕೌರ್ ಎಂಬ ಅಜ್ಜಿ 101ರ ಪ್ರಾಯದಲ್ಲಿ 100 ಮೀಟರ್ ಓಡಿದರು. ಅವರು ಓಟ ಕಲಿತದ್ದೇ 93ರಲ್ಲಿ! 2021ರಲ್ಲಿ ಅವರು ತೀರಿಕೊಂಡಾಗ ಪ್ರಾಯ 105.

“ಅದೆಲ್ಲ ಅವರಿಗೆ ಸರಿ, ನಮ್ಮಲ್ಲಿ ಇದೆಲ್ಲ ಹೇಗೆ?” ಎಂದು ನೀವು ಕೇಳಬಹುದು. ನಾವು ಉತ್ತರವನ್ನು ಬೇರೆಡೆ ಹುಡುಕಬೇಕಾಗಿಲ್ಲ. ಪ್ರವಾದಿ ಮುಹಮ್ಮದ್(ಸ)ರು ಒಂದು ಪ್ರಯಾಣದಲ್ಲಿ ಪತ್ನಿ ಆಇಶಾ(ರ)ರ ಜೊತೆ ಓಟದ ಸ್ಪರ್ಧೆ ನಡೆಸಿದ ಘಟನೆ ನಿಮಗೆ ಗೊತ್ತಿರಬಹುದು. ಮೊದಲ ಬಾರಿ ಗೆದ್ದದ್ದು ಆಇಶಾ(ರ). ಕೆಲವು ಕಾಲದ ಬಳಿಕ, ಅವರು ಮೈತುಂಬಿಕೊಂಡಿದ್ದಾಗ, ಮತ್ತೊಮ್ಮೆ ಓಟ ನಡೆಯಿತು. ಆಗ ಪ್ರವಾದಿ(ಸ)ಯವರು ಗೆದ್ದರು, ಆ ಸೋಲಿಗೆ ಇದು ಸಾಟಿಯಾಯಿತೆಂದು ನಕ್ಕರು. ಈ ಘಟನೆಯನ್ನು ನಾವು ದಾಂಪತ್ಯದ ಪ್ರೀತಿಗೆ ಉದಾಹರಣೆಯಾಗಿ ಹೇಳುತ್ತೇವೆ. ಅದರಲ್ಲಿರುವ ಇನ್ನೆರಡು ವಿಷಯಗಳನ್ನು ಗಮನಿಸುವುದಿಲ್ಲ. ಒಂದು, ಇದು ಹಿಜ್‌ರಾದ ನಂತರದ ಮಾತು, ಅಂದರೆ ಪ್ರವಾದಿ(ಸ)ಯವರಿಗೆ ಆಗ ಐವತ್ತು ದಾಟಿತ್ತು. ಎರಡು, ಓಡುವ ಮೊದಲು ಅವರು ಜೊತೆಗಿದ್ದವರನ್ನು ಮುಂದೆ ಕಳುಹಿಸಿದ್ದರು. ಪ್ರಾಯವಾಯಿತೆಂದು ಆಟ ಬಿಡಲಿಲ್ಲ, ಮೈ ಭಾರವಾಯಿತೆಂದು ಪತ್ನಿಯನ್ನು ಆಟದಿಂದ ದೂರವಿಡಲಿಲ್ಲ, ಆಕೆಯ ಖಾಸಗಿತನವನ್ನೂ ಕಾಪಾಡಿದರು. ಮರ್ಯಾದೆಯ ಹೆಸರಲ್ಲಿ ಆಟವನ್ನೇ ನಿಲ್ಲಿಸುವ ನಾವು, ಮರ್ಯಾದೆ ಉಳಿಸಿಕೊಂಡು ಆಡುವ ಈ ದಾರಿಯನ್ನು ಯಾಕೆ ನೋಡುವುದಿಲ್ಲ?

ಬಿಲ್ಲುಗಾರಿಕೆಯ ಬಗ್ಗೆಯಂತೂ ಹೇಳುವುದೇ ಬೇಡ. ಅಸ್ಲಮ್ ಗೋತ್ರದವರು ಬಾಣ ಬಿಡುವ ಪಂದ್ಯದಲ್ಲಿದ್ದಾಗ ಪ್ರವಾದಿ(ಸ)ಯವರು ಆ ದಾರಿಯಾಗಿ ಬಂದು, ಇಸ್ಮಾಈಲ್(ಅ)ರ ಮಕ್ಕಳೆಂದು ಅವರನ್ನು ಹುರಿದುಂಬಿಸಿ ಒಂದು ತಂಡದ ಪರ ನಿಂತರು. ಆಗ ಎದುರಿನ ತಂಡದವರು ಕೈಚೆಲ್ಲಿದರು. ಪ್ರವಾದಿ(ಸ)ಯವರೇ ಆ ಕಡೆಗಿರುವಾಗ ತಾವು ಬಾಣ ಬಿಡುವುದು ಹೇಗೆ ಎಂಬುದು ಅವರ ಸಂಕಟ. ತಾನು ಎರಡೂ ತಂಡಗಳ ಜೊತೆಗಿದ್ದೇನೆಂದು ಅವರು ಹೇಳಿದ ಮೇಲೆಯೇ ಆಟ ಮುಂದುವರಿಯಿತು. ಹೆಣ್ಣಿಗೂ ಬಿಲ್ಲಿಗೂ ಏನು ಸಂಬಂಧ ಎನ್ನುವವರಿಗೆ ಉಹುದ್ ರಣರಂಗದಲ್ಲಿ ನೀರಿನ ಚೀಲ ಹೊತ್ತು ಹೋಗಿ, ಸಂಕಟದ ಗಳಿಗೆಯಲ್ಲಿ ಖಡ್ಗ ಹಿಡಿದು, ಬಾಣ ಬಿಟ್ಟು ಪ್ರವಾದಿ(ಸ)ಯವರನ್ನು ರಕ್ಷಿಸಿದ ಉಮ್ಮು ಉಮಾರಾ(ರ)ರನ್ನು ನೆನಪಿಸಿದರೆ ಸಾಕು.

ಒಲಿಂಪಿಕ್ಸ್‌ನಲ್ಲೂ ಬಿಲ್ಲುಗಾರಿಕೆ ಹೆಂಗಸರಿಗೆ ಬಹಳ ಬೇಗ ತೆರೆದುಕೊಂಡ ಆಟ. 1904ರಲ್ಲೇ ಮಹಿಳಾ ವಿಭಾಗವಿತ್ತು. 1908ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಕ್ವೀನಿ ನೆವಾಲ್‌ಗೆ ಆಗ 53 ವರ್ಷ. ಕಾಲ್ಬೆರಳು ಮುಚ್ಚುವ ಉದ್ದದ ಲಂಗ, ಉದ್ದ ತೋಳಿನ ಅಂಗಿ, ತಲೆಗೆ ಟೋಪಿ ಧರಿಸಿ ಮಹಿಳೆಯರು ಬಾಣ ಬಿಡುತ್ತಿದ್ದ ಕಾಲ ಅದು. ಮೈ ಮುಚ್ಚುವ ಉಡುಪು ಗುರಿಗೆ ಅಡ್ಡ ಬರಲಿಲ್ಲ. ಇರಾನಿನ ಝಹ್‌ರಾ ನೆಮತಿಯವರಿಗೂ ಹಿಜಾಬ್ ಅಡ್ಡ ಬರಲಿಲ್ಲ. ಟೇಕ್ವಾಂಡೋ ಆಟಗಾರ್ತಿಯಾಗಿದ್ದ ಅವರು ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿ ಸೇರಿದ ಮೇಲೆ ಬಿಲ್ಲು ಹಿಡಿದರು. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದರು. ಒಲಿಂಪಿಕ್ಸ್ ಮತ್ತು ಪ್ಯಾರಾಲಿಂಪಿಕ್ಸ್ ಎರಡನ್ನೂ ಸೇರಿಸಿ ನೋಡಿದರೆ ಇರಾನಿನ ಮಹಿಳೆಯೊಬ್ಬರು ಗೆದ್ದ ಮೊತ್ತಮೊದಲ ಚಿನ್ನವದು. 2016ರಲ್ಲಿ ರಿಯೋದಲ್ಲಿ ಎರಡೂ ಕೂಟಗಳಲ್ಲಿ ಸ್ಪರ್ಧಿಸಿದರು. ನಮ್ಮದೇ ದೇಶದ ಜಮ್ಮುವಿನ ಶೀತಲ್ ದೇವಿಗೆ ಹುಟ್ಟಿನಿಂದ ಕೈಗಳೇ ಇಲ್ಲ. ಕಾಲಿನಲ್ಲಿ ಬಿಲ್ಲು ಹಿಡಿದು ಬಾಣ ಬಿಡುವ ಆಕೆ 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲಿ ರಾಕೇಶ್ ಕುಮಾರ್ ಜೊತೆ ಕಂಚು ಗೆದ್ದಾಗ ಹದಿನೇಳು ವರ್ಷ.

ಇನ್ನು ಪಂಜ ಕುಸ್ತಿ. ಈ ಹೆಸರಿಗೂ ನಮ್ಮ ಸೀಮೆಯ ಪಂಜ ಪೇಟೆಗೂ ನಂಟು ಕಟ್ಟಬೇಡಿ. ಪಾರ್ಸಿಯಲ್ಲಿ ‘ಪಂಜ್’ ಎಂದರೆ ಐದು, ಐದು ಬೆರಳಿನ ಹಸ್ತವೇ ಪಂಜಾ. ಒಮ್ಮೆ ಸುಳ್ಯ ಕಡೆಯ ಮದುವೆ ಮನೆಯೊಂದರಲ್ಲಿ, ಮದರಂಗಿಯ ರಾತ್ರಿ ಒಳಕೋಣೆಯಲ್ಲಿ ಕಾಲೇಜು ಹುಡುಗಿಯರು ಸ್ಟೂಲಿನ ಮೇಲೆ ಕೈ ಊರಿ ಪಂಜ ಹಿಡಿಯುತ್ತಿದ್ದರು. ಮೂಲೆಯಲ್ಲಿ ತಸ್ಬೀಹ್ ಹಿಡಿದು ಕುಳಿತಿದ್ದ ಒಬ್ಬರು ಅಜ್ಜಿಯನ್ನು ತಮಾಷೆಗೆ ಕರೆದರು. ಅರುವತ್ತೈದರ ಪ್ರಾಯ ಇರಬಹುದು. ಅಜ್ಜಿ ತಸ್ಬೀಹನ್ನು ಪಕ್ಕಕ್ಕಿಟ್ಟು ಬಂದು ಕುಳಿತವರು ಸಾಲಾಗಿ ನಾಲ್ವರ ಕೈಯನ್ನು ಮಲಗಿಸಿಬಿಟ್ಟರು! “ಬಾವಿ ಹಗ್ಗ ಎಳೆದ ಕೈ ಮಕ್ಕಳೇ ಇದು” ಎಂದು ನಕ್ಕರು. ಎಲ್ಲರೂ ಚಪ್ಪಾಳೆ ತಟ್ಟಿದೆವು. ಗದ್ದಲ ತಣ್ಣಗಾದ ಮೇಲೆ ಅಜ್ಜಿ ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದರು: “ಮದುವೆಯಾದ ಮೇಲೆ ನನ್ನನ್ನು ಒಂದು ಆಟಕ್ಕೆ ಅಂತ ಯಾರೂ ಕರೆದದ್ದಿಲ್ಲ ಮಗಳೇ.”

ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಯಾಕೆಂದರೆ ನನ್ನ ಉಮ್ಮನನ್ನೂ ಯಾರೂ ಕರೆದಿರಲಿಲ್ಲ. ವರ್ಷಗಟ್ಟಲೆ ಮಡಿಲಲ್ಲಿ ಬೀಡಿ ಎಲೆ ಇಟ್ಟುಕೊಂಡು ಕುಳಿತ ಉಮ್ಮ, ಒಂದು ಮಳೆಗಾಲ ಪಾಚಿ ಹಿಡಿದ ಅಂಗಳದಲ್ಲಿ ಜಾರಿ ಸೊಂಟದ ಎಲುಬು ಮುರಿದುಕೊಂಡರು. ಎಲುಬಿನಷ್ಟೇ ಸ್ನಾಯುಗಳೂ ಸೊರಗಿವೆ, ಜಾರಿದಾಗ ಹಿಡಿದು ನಿಲ್ಲಿಸುವ ಬಲ ಮೈಗಿರಲಿಲ್ಲ ಎಂದು ವೈದ್ಯರು ಹೇಳಿದರು. ನೆರೆಮನೆಗೆ ಹೋಗಿ ಬರುವಷ್ಟು ನಡಿಗೆಯೂ ಉಮ್ಮನಿಗೆ ಮರಳಿ ಬರಲಿಲ್ಲ.

“ಬೆಳಗಿನಿಂದ ರಾತ್ರಿವರೆಗೆ ದುಡಿಯುತ್ತೇವೆ, ನಮಗೆ ಬೇರೆ ವ್ಯಾಯಾಮ ಯಾಕೆ?” ಎಂದು ಕೇಳುವವರಿದ್ದಾರೆ. ಬೀಡಿ ಕಟ್ಟುವುದು, ಅಡಿಕೆ ಸುಲಿಯುವುದು ಕುಳಿತಲ್ಲೇ ಮಾಡುವ ದುಡಿಮೆ. ಬೆರಳು ಸವೆಯುತ್ತದೆ, ಬೆನ್ನು ಬಾಗುತ್ತದೆ, ಕಾಲಿಗೆ ಕೆಲಸವಿಲ್ಲ. ಬಾವಿಗೆ ಪಂಪು, ಅರೆಯಲು ಮಿಕ್ಸಿ, ಒಗೆಯಲು ಯಂತ್ರ ಬಂದ ಮೇಲೆ ತೋಳಿಗೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2024ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, 2022ರಲ್ಲಿ ಭಾರತದ ವಯಸ್ಕ ಮಹಿಳೆಯರಲ್ಲಿ ಶೇ. 57 ಮಂದಿಗೆ ಮೈಗೆ ಬೇಕಾದಷ್ಟು ಚಟುವಟಿಕೆ ಇರಲಿಲ್ಲ. ಗಂಡಸರಲ್ಲಿ ಇದು ಶೇ. 42. ಭಾರತವೂ ಸೇರಿ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಕೈಯ ಹಿಡಿತದ ಬಲವನ್ನು ಅಳೆದಿತ್ತು. ಹಿಡಿತ ಕುಂದಿದವರಲ್ಲಿ ಸಾವಿನ ಸಂಭವ ಹೆಚ್ಚಿರುವುದು ಅದರಲ್ಲಿ ಕಂಡುಬಂತು. ಹಿಡಿತವೆಂಬುದು ಇಡೀ ದೇಹದ ಬಲದ ಒಂದು ಗುರುತು. ವಾರಕ್ಕೆ 150 ನಿಮಿಷಗಳ ಚುರುಕು ನಡಿಗೆಯಂಥ ಚಟುವಟಿಕೆಯ ಜೊತೆ ಎರಡು ದಿನವಾದರೂ ಸ್ನಾಯು ಬಲಗೊಳಿಸುವ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂಬ ಪ್ರವಾದಿ ಬೋಧನೆಯನ್ನು ನಾವು ರಮಝಾನ್‌ನಲ್ಲಿ ಕೇಳುತ್ತೇವೆ, ಶವ್ವಾಲ್‌ನಲ್ಲಿ ಮರೆಯುತ್ತೇವೆ.

ಒಂದು ದಿನದ ಕೂಟದಿಂದ ಮೈ ಗಟ್ಟಿಯಾಗುತ್ತದೆಯೇ? ಇಲ್ಲ. ಆದರೆ ದಿನ ಗೊತ್ತಾದರೆ ತಯಾರಿ ಶುರುವಾಗುತ್ತದೆ. ಎರಡು ತಿಂಗಳು ಮುಂಚೆ ಹೆಸರು ಕೊಟ್ಟವಳು ಮನೆಯಲ್ಲಿ ನೀರು ತುಂಬಿದ ಬಾಟಲಿ ಎತ್ತಿ ತೋಳು ಪಳಗಿಸುತ್ತಾಳೆ, ನೆರೆಯವಳ ಜೊತೆ ಸಂಜೆ ನಡೆಯುತ್ತಾಳೆ. ಕೂಟದ ನಿಜವಾದ ಲಾಭ ಆ ಎರಡು ತಿಂಗಳಲ್ಲಿದೆ.

ಇದನ್ನು ನಡೆಸುವುದು ಕಷ್ಟವಲ್ಲ. ರಜಾದಿನ ಶಾಲೆಯ ಆವರಣ ಕೇಳಿ ಪಡೆಯಬಹುದು. ಮಹಿಳಾ ಮಂಡಲ, ಸ್ವಸಹಾಯ ಸಂಘ ಸೇರಿದರೆ ಎಲ್ಲ ಧರ್ಮದ ನೆರೆಹೊರೆಯವರೂ ಬರುತ್ತಾರೆ. ತೀರ್ಪು ನೀಡಲು ಶಾಲೆಗಳ ದೈಹಿಕ ಶಿಕ್ಷಕಿಯರನ್ನು ಕರೆಯಬಹುದು. ಮೊಬೈಲ್ ಕ್ಯಾಮರಾ ಗೇಟಿನಿಂದ ಹೊರಗಿರಲಿ, ನಮಾಝ್‌ಗೆ ವಿರಾಮವಿರಲಿ, ಆಡುವವರ ನಡುವೆ ಪಣ ಬೇಡ. ಪ್ರಾಯಕ್ಕೆ ತಕ್ಕ ವಿಭಾಗಗಳಿರಲಿ, ಐವತ್ತು ದಾಟಿದವರಿಗೆ ತಪ್ಪದೆ ಒಂದಿರಲಿ.

ಬಿಲ್ಲಿಗೆ ದುಬಾರಿ ಸಲಕರಣೆ ಬೇಕಿಲ್ಲ. ನಮ್ಮ ದೇಶದಲ್ಲಿ ಬಿದಿರಿನ ಬಿಲ್ಲಿನಿಂದ 30 ಮತ್ತು 50 ಮೀಟರ್ ದೂರಕ್ಕೆ ಆಡುವ ‘ಇಂಡಿಯನ್ ರೌಂಡ್’ ಎಂಬ ವಿಭಾಗವೇ ಇದೆ. ಹೊಸಬರಿಗೆ ಹತ್ತು ಮೀಟರ್ ಸಾಕು. ಗುರಿಗೆ ಬಿಗಿಯಾಗಿ ಕಟ್ಟಿದ ಬೈಹುಲ್ಲು, ಅದರ ಹಿಂದೆ ಎತ್ತರದ ಬರೆ ಇರುವ ಜಾಗ ಆರಿಸಿ. ಎಲ್ಲರೂ ಒಂದೇ ಗೆರೆಯ ಮೇಲೆ ನಿಲ್ಲಬೇಕು. ಮೂರು ಸೀಟಿ ಊದುವವರೆಗೆ ಬಾಣ ಹೆಕ್ಕಲು ಯಾರೂ ಮುಂದೆ ಹೋಗಬಾರದು. ಕಲಿತ ಒಬ್ಬರ ಮೇಲ್ವಿಚಾರಣೆ ಇಲ್ಲದೆ ಬಾಣ ಮುಟ್ಟಲೇಬಾರದು.

ಪಂಜಕ್ಕೆ ಗಟ್ಟಿ ಮೇಜು, ಮೊಣಕೈಗೆ ದಪ್ಪ ಬಟ್ಟೆ ಬೇಕು. ಮೊಣಕೈ ಎದ್ದರೆ ತಪ್ಪು. ಮುಖ್ಯವಾದ ಒಂದು ಎಚ್ಚರ: ಕೈಯನ್ನು ಒಂದು ಕಡೆ ಬಿಟ್ಟು ಮುಖವನ್ನೂ ಭುಜವನ್ನೂ ಇನ್ನೊಂದು ಕಡೆ ತಿರುಗಿಸಬೇಡಿ. ತೋಳಿನ ಎಲುಬು ತಿರುಚಿ ಮುರಿಯುವುದು ಹಾಗೆಯೇ. ಕಣ್ಣು ಸದಾ ನಿಮ್ಮ ಮುಷ್ಟಿಯ ಮೇಲಿರಲಿ. ಎಲುಬು ಬೆಳೆಯುತ್ತಿರುವ ಮಕ್ಕಳಿಗೆ, ಗರ್ಭಿಣಿಯರಿಗೆ, ಎಲುಬು ಸವೆದವರಿಗೆ ಈ ಆಟ ಬೇಡ. ಬಿ.ಪಿ., ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಬರಲಿ.

“ಈ ಪ್ರಾಯದಲ್ಲಿ ಇದೆಲ್ಲ ಬೇಕಾ?” ಎಂಬ ಮಾತು ಬಂದೇ ಬರುತ್ತದೆ, ಹೆಚ್ಚಾಗಿ ಮನೆಯೊಳಗಿನಿಂದಲೇ. ಈ ಪ್ರಾಯದಲ್ಲೇ ಬೇಕು. ಮಕ್ಕಳಿಗೆ ಶಾಲೆಯ ಮೈದಾನವಿದೆ, ಹುಡುಗರಿಗೆ ಪಂದ್ಯಾಟಗಳಿವೆ. ಯಾರೂ ಕರೆಯದೆ ಉಳಿದವರು ನಲ್ವತ್ತು ದಾಟಿದ ನಮ್ಮ ಉಮ್ಮಂದಿರು, ಅತ್ತೆಯಂದಿರು, ಅಜ್ಜಿಯಂದಿರು. ಮುಂದಿನ ಸಲ ನಿಮ್ಮೂರಿನ ಕ್ರೀಡಾಕೂಟಕ್ಕೆ ಆಟಗಳ ಪಟ್ಟಿ ತಯಾರಾಗುವಾಗ ಲಿಂಬೆ-ಚಮಚದ ಕೆಳಗೆ ಇನ್ನೆರಡು ಸಾಲು ಸೇರಿಸಲು ಹೇಳಿ. ಹೆಸರು ಬರೆಸುವಾಗ ಮೊದಲು ಮನೆಯ ಹಿರಿಯಳ ಹೆಸರು ಬರೆಸಿ, ಅನಂತರ ನಿಮ್ಮದು.