ಕಾಲಿನ ಅಳತೆ

'ಮೊದಲೆಲ್ಲ ಬರಿಗಾಲಲ್ಲೇ ಓಡಾಡ್ತಿದ್ರು, ಯಾರಿಗಿತ್ತು ಹಿಮ್ಮಡಿ ನೋವು?' ಎನ್ನುವವರು ನಮ್ಮ ಹುಲ್ಲಹಳ್ಳಿಯಲ್ಲಿ ಈಗಲೂ ಇದ್ದಾರೆ. ನೋವಿತ್ತು, ಹೇಳಿಕೊಳ್ಳುತ್ತಿರಲಿಲ್ಲ. ನಾಟಿ ಕಾಲದಲ್ಲಿ ಗದ್ದೆಯಿಂದ ಬಂದ ಹೆಂಗಸರ ಬೆರಳ ಸಂದಿಯೆಲ್ಲ ಕೆಸರುಹುಣ್ಣು. ಅವ್ವ ರಾತ್ರಿ ಒಡೆದ ಹಿಮ್ಮಡಿಗೆ ಹರಳೆಣ್ಣೆ ಅರಿಶಿನ ಹಚ್ಚಿ ಮಲಗುತ್ತಿದ್ದಳು. ಬೆಳಗ್ಗೆ ಎದ್ದಾಗ ಮೊದಲ ನಾಲ್ಕು ಹೆಜ್ಜೆ ಗೋಡೆ ಹಿಡಿದೇ ಇಡುತ್ತಿದ್ದಳು. ನಡೆದಾಡಿದ ಮೇಲೆ ನೋವು ಸಡಿಲವಾಗುತ್ತಿತ್ತು. ಅಂಗಾಲಿನ ನಾರುಪಟ್ಟಿ ಎಳೆದು ಬರುವ ನೋವಿನ ಲಕ್ಷಣ ಇದೇ ಎಂದು ನನಗೆ ತಿಳಿದದ್ದು ಬಹಳ ವರ್ಷಗಳ ನಂತರ, ನನ್ನ ಕಾಲಿಗೂ ಬಂದಾಗ.

ಚಪ್ಪಲಿ ಹೊಲಿಯುವ ಅಜ್ಜ ಕಾಲನ್ನು ತೊಗಲಿನ ಮೇಲೆ ಇಡಿಸಿ, ಸುತ್ತ ಇದ್ದಿಲಿನಲ್ಲಿ ಗೆರೆ ಎಳೆದು, ರಂಪಿಗೆಯಲ್ಲಿ ಕೊಯ್ಯುತ್ತಿದ್ದರು. ಎಡಕ್ಕೊಂದು, ಬಲಕ್ಕೊಂದು ಅಳತೆ. ಉಂಗುಟ ಬಿಗಿಯೆಂದರೆ ಅಲ್ಲೇ ಬಿಚ್ಚಿ ಹೊಲಿದು ಕೊಡುತ್ತಿದ್ದರು. ಅದೇ ಅಜ್ಜ ಮೇಲಿನ ಕೇರಿ ದಾಟುವಾಗ ಚಪ್ಪಲಿಯನ್ನು ಕೈಗೆತ್ತಿಕೊಳ್ಳಬೇಕಿತ್ತು. ಆ ಕಾಲವೇ ಚೆನ್ನಾಗಿತ್ತು ಎನ್ನಲು ನನಗೆ ಬಾಯಿ ಬರುವುದಿಲ್ಲ. ಆಮೇಲೆ ಬಂದ ಹವಾಯಿ ಚಪ್ಪಲಿ ಅಗ್ಗವಾಗಿತ್ತು, ಎಲ್ಲರ ಕಾಲಿಗೂ ಸಿಕ್ಕಿತು. ಆದರೆ ಕಾಲನ್ನು ಅಳೆಯುವ ಕೈ ಅಲ್ಲಿಗೆ ನಿಂತಿತು.

ಈಗ ಬೀದಿ ಕಾಂಕ್ರೀಟು, ಮನೆಯೊಳಗೆ ಟೈಲ್ಸು. ನಂಜನಗೂಡಿಗೆ ಹೋದರೆ 'ಡಾಕ್ಟರ್ ಚಪ್ಪಲಿ' ಎಂದು ಕೊಡುತ್ತಾರೆ. ಆ ಒಂದೇ ಹೆಸರಿನಲ್ಲಿ ಎರಡು ಬಗೆ ಇವೆ. ಎಂಸಿಆರ್ ಎಂಬುದು ಮೆತ್ತನೆಯ ರಬ್ಬರು, ಭಾರವನ್ನು ಅಂಗಾಲಿಗೆಲ್ಲ ಹಂಚುತ್ತದೆ, ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ಮತ್ತು ಜೊತೆಗಾರರು ಕುಷ್ಠರೋಗಿಗಳ ಸ್ಪರ್ಶವಿಲ್ಲದ ಕಾಲುಗಳಿಗಾಗಿ ಇದನ್ನು ಬಳಕೆಗೆ ತಂದರು. ಇನ್ನೊಂದು, ಅಂಗಾಲಿನ ಕಮಾನಿಗೆ ಉಬ್ಬು, ಹಿಮ್ಮಡಿಗೆ ಗುಳಿ ಇರುವ ಗಟ್ಟಿ ಅಟ್ಟೆಯದು.

ಕೊಳ್ಳುವ ಮೊದಲು ಒದ್ದೆ ಕಾಲನ್ನು ಒಣ ಸಿಮೆಂಟಿನ ಮೇಲೆ ಊರಿ ನೋಡಿ. ಇಡೀ ಅಂಗಾಲು ಮೂಡಿದರೆ ಚಪ್ಪಟೆ ಪಾದ. ಎತ್ತರದ ಉಬ್ಬು ಅದಕ್ಕೆ ಚುಚ್ಚುತ್ತದೆ. ನಡುವೆ ಸಣ್ಣ ಗೆರೆಯಷ್ಟೇ ಉಳಿದರೆ ಕಮಾನು ಎತ್ತರ. ಉಬ್ಬು ಅದನ್ನು ಮುಟ್ಟಿ ಆನಬೇಕು, ಮುಂದಕ್ಕೆ ಸರಿದು ಬೆರಳ ಬುಡಕ್ಕೆ ಒತ್ತಬಾರದು. ಸಂಜೆ ಹೊತ್ತು ಕಾಲು ಕೊಂಚ ಊದಿರುತ್ತದೆ, ಆಗಲೇ ಹಾಕಿ ನೋಡುವುದು ಒಳ್ಳೆಯದು. ಚಪ್ಪಲಿ ಬಾಗುವುದು ಬೆರಳ ಬುಡದಲ್ಲಿ ಇರಲಿ. ನಡುವಿನಲ್ಲೇ ಮಡಚಿಕೊಂಡರೆ ಆಸರೆ ಎಂಬುದು ಬರೀ ಹೆಸರು. ಮೊದಮೊದಲು ಮನೆಯೊಳಗೆ ಒಂದೊಂದು ಗಂಟೆ ಹಾಕಿ. ಸ್ನಾಯು ಸ್ವಲ್ಪ ಎಳೆದಂತಾದರೆ ಹೆದರಬೇಡಿ, ಒಂದೇ ಕಡೆ ಒತ್ತಿ ಕೆಂಪಗಾದರೆ ಅಥವಾ ಜೋಮು ಹಿಡಿದರೆ ಅದು ನಿಮ್ಮ ಕಾಲಿನದಲ್ಲ. ಕೊಟ್ಟ ದುಡ್ಡಿಗಾಗಿ ಮೆಟ್ಟಬೇಡಿ.

ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಹೋದವರಿಗೆ ಈ ಪರೀಕ್ಷೆ ಯಾವುದೂ ಸಾಲದು, ಚಪ್ಪಲಿ ಕಚ್ಚಿದ್ದೇ ಅವರಿಗೆ ತಿಳಿಯುವುದಿಲ್ಲ. ಅವರು ಉಂಗುಟದ ಚಪ್ಪಲಿ ಬಿಟ್ಟು, ಹಿಂದೆ ಪಟ್ಟಿ ಇರುವುದನ್ನು ವೈದ್ಯರಿಗೆ ಕಾಲು ತೋರಿಸಿಯೇ ಕೊಳ್ಳಲಿ. ದಿನಾ ರಾತ್ರಿ ಮನೆಯವರೊಬ್ಬರು ಅವರ ಅಂಗಾಲನ್ನು ಬೆಳಕಿನಲ್ಲಿ ನೋಡಲಿ.