ಗರಿಕೆ, ಗಿನಿ ಪಿಗ್ ಮತ್ತು ತೂಕದ ಪುಸ್ತಕ

ಮೊನ್ನೆ ಡೊಂಬಿವಲಿ ಸ್ಟೇಷನ್ನಿನ ಹೊರಗೆ ಹೂ ಮಾರುವ ಮಾವಶಿಯ ಹತ್ತಿರ ಇಪ್ಪತ್ತು ರೂಪಾಯಿಯ ದೂರ್ವೆ ಕೊಂಡೆ. "ರೋಜ್ ಗಣಪತೀಚಿ ಪೂಜಾ ಕರ್ತಾ ಕಾ, ಸಾಹೇಬ್?" ಎಂದು ಭಕ್ತಿಯಿಂದ ಕೇಳಿದಳು. ಹೌದೆಂದು ತಲೆಯಾಡಿಸಿ ಬಂದುಬಿಟ್ಟೆ. ನಿಜ ಹೇಳಿದ್ದರೆ ನಕ್ಕುಬಿಡುತ್ತಿದ್ದಳು. ಆ ದೂರ್ವೆ ಗಣಪನಿಗಲ್ಲ, ಅವನ ವಾಹನದ ದೂರದ ನೆಂಟರಿಗೆ!

ಹೌದು ಸ್ವಾಮಿ, ಐವತ್ತು ದಾಟಿದ ಮೇಲೆ, ಅದೂ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ, ನಾನು ಗಿನಿ ಪಿಗ್ ಸಾಕುತ್ತಿದ್ದೇನೆ. ಒಂದಲ್ಲ, ಎರಡು. ಲಡ್ಡು ಮತ್ತು ಪೇಡಾ.

ಕಳೆದ ವರ್ಷ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯವರಿಗೆ ದುಬೈಗೆ ವರ್ಗವಾಯಿತು. ಅವರ ಮಗ ಸಾಕಿದ್ದ ಈ ಜೋಡಿಯನ್ನು ಏನು ಮಾಡುವುದೆಂದು ಮೀಟಿಂಗೇ ನಡೆಯಿತು. ನನ್ನ ಮಗಳು "ಅಪ್ಪಾ, ಎರಡೇ ತಿಂಗಳು, ಆಮೇಲೆ ಯಾರಾದರೂ ಸಿಗ್ತಾರೆ" ಎಂದಳು. ಟೆಂಪರರಿ ಓವರ್‌ಡ್ರಾಫ್ಟ್ ಎಂದು ಕೊಟ್ಟಿದ್ದು ಪರ್ಮನೆಂಟ್ ಆಗುವುದನ್ನು ಮೂವತ್ತು ವರ್ಷ ನೋಡಿದವನು ನಾನು. ಆದರೂ ಮಗಳ ಮುಖ ನೋಡಿ ಸ್ಯಾಂಕ್ಷನ್ ಮಾಡಿದೆ!

ಪಂಜರ ಮನೆಗೆ ಬಂದ ದಿನ ಆಯಿ ಕನ್ನಡಕ ಏರಿಸಿಕೊಂಡು ಬಗ್ಗಿ ನೋಡಿದಳು. "ಇದೆಂತಾ ತಮಾ, ಇಲಿಯ?"

"ಇಲಿ ಅಲ್ಲ ಆಯಿ, ಗಿನಿ ಪಿಗ್."

"ಬಾಲವೇ ಇಲ್ಲೆ!" ಎಂದು ಹೇಳಿ ಮತ್ತೆ ಬಾಲ್ಕನಿಯ ಕುರ್ಚಿಗೆ ಹೋಗಿ ಕೂತಳು.

ಆಯಿಯ ವಿಷಯ ಒಂದೆರಡು ಮಾತು ಹೇಳಬೇಕು. ಶಿರಸಿ ಕಡೆಯ ಹಳ್ಳಿ ನಮ್ಮದು. ಮೂರು ವರ್ಷದ ಹಿಂದೆ ಅಪ್ಪಯ್ಯ ಹೋದ ಮೇಲೆ ತೋಟವನ್ನು ದಾಯಾದಿಗೆ ಗೇಣಿಗೆ ಕೊಟ್ಟು, ಕೊಟ್ಟಿಗೆಯಲ್ಲಿದ್ದ ಎರಡು ದನವನ್ನು ಪಕ್ಕದ ಮನೆಗೆ ಹೊಡೆದು, ಆಯಿಯನ್ನು ಇಲ್ಲಿಗೆ ಕರೆತಂದೆ. ಎಂಬತ್ತೊಂದು ವರ್ಷ. ಇಲ್ಲಿ ಅವಳಿಗೆ ಮಾಡಲು ಕೆಲಸವಿಲ್ಲ, ಮಾತಾಡಲು ಜನವಿಲ್ಲ. ಬಾಲ್ಕನಿಯಿಂದ ಲೋಕಲ್ ಟ್ರೇನು ನೋಡುವುದು, ಅಷ್ಟೇ. ನಾನು ಬೆಳಿಗ್ಗೆ ಏಳೂವರೆಯ ಫಾಸ್ಟ್ ಹಿಡಿದರೆ ವಾಪಸು ಬರುವುದು ರಾತ್ರಿ ಒಂಬತ್ತಕ್ಕೆ. ಹೆಂಡತಿಗೂ ಸ್ಕೂಲಿನ ಕೆಲಸ. ಮುಂಬಯಿಯಲ್ಲಿರುವ ನಮ್ಮಂಥವರ ಮನೆಗಳೆಲ್ಲ ಹೀಗೇ ಅಲ್ಲವೇ?

ಗಿನಿ ಪಿಗ್ ಹಂದಿಯೂ ಅಲ್ಲ, ಗಿನಿ ದೇಶದ್ದೂ ಅಲ್ಲ ಎಂದು ಮೊದಲ ವಾರದಲ್ಲಿ ತಿಳಿಯಿತು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ಜನ ಸಾವಿರಾರು ವರ್ಷಗಳ ಹಿಂದೆಯೇ ಪಳಗಿಸಿದ ಪ್ರಾಣಿ. ಪೆರು, ಈಕ್ವೆಡಾರ್ ಕಡೆ ಇವತ್ತಿಗೂ ಅಡುಗೆಗೇ ಸಾಕುತ್ತಾರೆ (ಇದನ್ನು ಮನೆಯಲ್ಲಿ ಯಾರಿಗೂ ಹೇಳಲಿಲ್ಲ). ಒಂಟಿಯಾಗಿದ್ದರೆ ಕೊರಗುತ್ತದೆ. ಸ್ವಿಟ್ಜರ್ಲೆಂಡಿನಲ್ಲಿ 2008ರಿಂದ ಒಂದನ್ನೇ ಸಾಕುವುದು ಕಾನೂನಿಗೆ ವಿರುದ್ಧ. ಅದನ್ನು ಓದಿ ಹೇಳಿದಾಗ ಆಯಿ ಬಾಲ್ಕನಿಯಿಂದಲೇ "ಒಳ್ಳೆ ದೇಶ" ಎಂದಿದ್ದಳು. ನಾನು ನಕ್ಕು ಸುಮ್ಮನಾದೆ.

ಸಾಕುವುದರಲ್ಲಿ ನಾವು ಮಾಡದ ತಪ್ಪಿಲ್ಲ. ಬಂದ ಪಂಜರದ ತಳ ಬರೀ ತಂತಿಯದ್ದು. ತಂತಿಯ ಮೇಲೆ ನಿಂತರೆ ಅವುಗಳ ಪಾದ ಹುಣ್ಣಾಗುತ್ತದಂತೆ. ಪೇಡಾಳ ಹಿಂಗಾಲು ಕೆಂಪಾದ ಮೇಲೆ ನಮಗೆ ಬುದ್ಧಿ ಬಂತು. ಆ ಪಂಜರ ತೆಗೆದು, ಹಾಲಿನ ಮೂಲೆಯಲ್ಲಿ ನಾಲ್ಕಡಿಗೆ ಎರಡಡಿ ಜಾಗ ಕಟ್ಟಿ, ಹಳೆಯ ಫ್ಲೀಸ್ ಹೊದಿಕೆ ಹಾಸಿದೆವು. ಅಡಗಿಕೊಳ್ಳಲು ಒಬ್ಬೊಬ್ಬರಿಗೆ ಒಂದೊಂದು ರಟ್ಟಿನ ಡಬ್ಬಿ. ನನ್ನ ಸೋಫಾದ ಅರ್ಧ ಜಾಗ ಹೋಯಿತು.

ಊಟದ ಕಥೆ ಇನ್ನೂ ದೊಡ್ಡದು. ಹಿಂದಿನವರು ಕೊಟ್ಟಿದ್ದ ಬಣ್ಣಬಣ್ಣದ ಕಾಳಿನ ಪ್ಯಾಕೆಟ್ಟನ್ನೇ ಬಟ್ಟಲು ತುಂಬ ಸುರಿಯುತ್ತಿದ್ದೆವು. ಜೊತೆಗೆ ಸೌತೆಕಾಯಿ. ಒಂದು ದಿನ ಆಯಿ ತಾನಾಗಿಯೇ ಎದ್ದು ಬಂದು ಬಟ್ಟಲು ನೋಡಿದಳು.

"ಹುಲ್ಲು ತಿಂಬ ಪ್ರಾಣಿಗೆ ಹುಲ್ಲು ಹಾಕದೇ ಬರೀ ಹಿಂಡಿ ಹಾಕಿರೆ ಹೆಂಗೆ ತಮಾ?"

ಅರವತ್ತು ವರ್ಷ ಕೊಟ್ಟಿಗೆ ನೋಡಿಕೊಂಡವಳ ಮಾತು. ಇಂಟರ್‌ನೆಟ್ಟಿನಲ್ಲಿ ಹುಡುಕಿದರೆ ಅದನ್ನೇ ಇಂಗ್ಲಿಷಿನಲ್ಲಿ ಬರೆದಿದ್ದರು! ಗಿನಿ ಪಿಗ್ಗಿನ ಊಟದ ಮುಕ್ಕಾಲು ಪಾಲಿಗಿಂತ ಹೆಚ್ಚು ಒಣಹುಲ್ಲೇ ಇರಬೇಕು, ಹಗಲೂ ರಾತ್ರಿ ಎದುರಿಗಿರಬೇಕು. ಕಾಳು ದಿನಕ್ಕೆ ಒಂದು ಚಮಚದಷ್ಟು ಸಾಕು, ಅದೂ ಬಣ್ಣದ ಬೀಜಗಳಿಲ್ಲದ ಸಾದಾ ಪೆಲೆಟ್. ಇಪ್ಪತ್ತು ಹಲ್ಲು, ಇಪ್ಪತ್ತೂ ಜೀವವಿರುವ ತನಕ ಬೆಳೆಯುತ್ತಲೇ ಇರುತ್ತವೆ. ಹುಲ್ಲು ಅಗಿದು ಅಗಿದೇ ಅವು ಸವೆಯಬೇಕು. ಹೊಟ್ಟೆ ಕೆಲಸ ಮಾಡುವುದೂ ಹುಲ್ಲಿನ ನಾರಿನಿಂದಲೇ.

ಸರಿ, ತಿಮೋತಿ ಹುಲ್ಲು ಎಂಬುದನ್ನು ತರಿಸಿದೆ. ನಮ್ಮ ಮನೆಯ ಸೋನಾ ಮಸೂರಿಗಿಂತ ಅದು ದುಬಾರಿ. ಬೆಲೆ ಕೇಳಿ ಆಯಿ "ಇದರ ಅರ್ಧಕ್ಕೆ ಒಂದು ಗಾಡಿ ಹುಲ್ಲು ಹಾಕಿಸಲಾಗಿತ್ತು" ಎಂದು ನಿಟ್ಟುಸಿರಿಟ್ಟಳು. ಹಸಿ ಹುಲ್ಲಿನ ಉಪಾಯವೂ ಅವಳದ್ದೇ. "ಗರಿಕೆ ಸಿಗ್ತಿಲ್ಯ ಇಲ್ಲಿ?" ಗರಿಕೆ ಇವಕ್ಕೆ ಒಳ್ಳೆಯದೇ. ಅಂದಿನಿಂದ ಮಾವಶಿಯ ದೂರ್ವೆ ನಮ್ಮ ಮನೆಗೆ ವರ್ತನೆ. ಚೆನ್ನಾಗಿ ತೊಳೆದು, ನೀರು ಆರಿಸಿ ಹಾಕುತ್ತೇವೆ.

ಇನ್ನೊಂದು ವಿಷಯ. ನಮ್ಮ ಹಾಗೆ ಈ ಪ್ರಾಣಿಗೂ ದೇಹದೊಳಗೆ ವಿಟಮಿನ್ ಸಿ ತಯಾರಿಸಲು ಬರುವುದಿಲ್ಲ. ದಿನಾ ಹೊರಗಿನಿಂದಲೇ ಸಿಗಬೇಕು, ಇಲ್ಲದಿದ್ದರೆ ಕೀಲು ನೋವು, ವಸಡಿನ ತೊಂದರೆ. ಪೆಲೆಟ್ಟಿನಲ್ಲಿರುವ ವಿಟಮಿನ್ ಪ್ಯಾಕೆಟ್ ಹಳೆಯದಾದಂತೆ ಕಡಿಮೆಯಾಗುತ್ತದೆ. ಕುಡಿಯುವ ನೀರಿಗೆ ಹಾಕಿದರೆ ಬೇಗ ಹಾಳಾಗುತ್ತದೆ. ಸುಲಭದ ದಾರಿ ದಿನಾ ಒಂದು ತುಂಡು ದೊಣ್ಣೆಮೆಣಸು, ಜೊತೆಗೆ ಒಂದಿಷ್ಟು ಕೊತ್ತಂಬರಿ ಸೊಪ್ಪು. ಪಾಲಕ್ ಅಪರೂಪಕ್ಕೆ, ಹಣ್ಣು ಬಾಯಿರುಚಿಗೆ ಮಾತ್ರ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಹಾಲು, ಬಿಸ್ಕತ್ತು ಯಾವುದೂ ಬೇಡ. ಫ್ರಿಜ್ಜಿನ ಬಾಗಿಲು ತೆಗೆದರೆ, ಪ್ಲಾಸ್ಟಿಕ್ ಚೀಲದ ಸದ್ದಾದರೆ ಸಾಕು, ಇಬ್ಬರೂ ಎರಡು ಕಾಲ ಮೇಲೆ ನಿಂತು "ವೀಕ್ ವೀಕ್" ಎಂದು ಮನೆ ಎತ್ತಿ ಹಾಕುತ್ತಾರೆ. ಬ್ಯಾಂಕಿನಲ್ಲಿ ನಾನು ಬಂದೆನೆಂದು ಯಾರೂ ಇಷ್ಟು ಸಂಭ್ರಮಪಟ್ಟಿಲ್ಲ!

ವಾರಕ್ಕೊಮ್ಮೆ ತೂಕ ಮಾಡಬೇಕೆಂದು ಓದಿದ್ದೆ. ಕಾಮರ್ಸ್ ಓದಿದವನಿಗೆ ಇದಕ್ಕಿಂತ ಪ್ರಿಯವಾದ ಕೆಲಸ ಬೇಕೆ? ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಹಳೆಯ ಡೈರಿ, ಎರಡು ಕಾಲಂ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಂಟ್ರಿ.

ಈ ವರ್ಷದ ಬೇಸಿಗೆ. ಮುಂಬಯಿಯ ಸೆಕೆ ನಿಮಗೆ ಗೊತ್ತಲ್ಲ, ಇವಕ್ಕಂತೂ ಬೆವರೇ ಬರುವುದಿಲ್ಲ. ಇಪ್ಪತ್ತೇಳು ಡಿಗ್ರಿ ದಾಟಿದರೆ ಕಷ್ಟ. ಫ್ಯಾನು, ಬಟ್ಟೆ ಸುತ್ತಿದ ಐಸಿನ ಬಾಟಲಿ, ಒದ್ದೆ ಪರದೆ, ಎಲ್ಲ ಮಾಡಿದ್ದೆವು. ಲಡ್ಡು ಸ್ವಲ್ಪ ಮಂಕಾಗಿದ್ದಳು, ಸೆಕೆ ಎಂದುಕೊಂಡೆವು. ಸೌತೆಕಾಯಿ ತಿನ್ನುತ್ತಿದ್ದಳು, ಮೆತ್ತಗಿನ ಸೊಪ್ಪು ತಿನ್ನುತ್ತಿದ್ದಳು. ಒಣಹುಲ್ಲಿನ ಹತ್ತಿರ ಹೋಗಿ ಮೂಸಿ ಬರುತ್ತಿದ್ದಳು. ಒಂದು ಭಾನುವಾರ ಮಗಳು ಡೈರಿ ತಿರುವಿ ಹಾಕುತ್ತಾ ಕಿರುಚಿದಳು. "ಅಪ್ಪಾ, ಏನಿದು?"

940, 925, 890, 850.

ನಾಲ್ಕೂ ನನ್ನದೇ ಕೈಬರಹ. ಬರೆದಿದ್ದೆ, ನೋಡಿರಲಿಲ್ಲ. ಜೂನಿಯರ್‌ಗಳಿಗೆ ನಾನು ದಿನಾ ಹೇಳುವ ಮಾತು ಇದು: "ರಿಜಿಸ್ಟರ್ ಬರೆದರೆ ಆಗಲಿಲ್ಲ, ಓದಬೇಕು."

ಅಂದೇ ಠಾಣೆಯಲ್ಲಿ ಸಣ್ಣ ಪ್ರಾಣಿಗಳನ್ನು ನೋಡುವ ಡಾಕ್ಟರರ ಹತ್ತಿರ ಓಡಿದೆವು. ಅವರು ಬಾಯೊಳಗೆ ಸಣ್ಣ ದೀಪ ಬಿಟ್ಟು ನೋಡಿ, "ದವಡೆ ಹಲ್ಲು ಬೆಳೆದು ಮೊನೆಯಾಗಿ ನಾಲಿಗೆಗೆ ಚುಚ್ಚುತ್ತಿದೆ. ಎಷ್ಟು ದಿನದಿಂದ ಹುಲ್ಲು ಬಿಟ್ಟಿದ್ದಾಳೆ?" ಎಂದು ಕೇಳಿದರು. ನಾನು, ಹೆಂಡತಿ, ಮಗಳು ಮುಖ ಮುಖ ನೋಡಿಕೊಂಡೆವು. ಮೊದಲ ದಿನಗಳಲ್ಲಿ ಹುಲ್ಲಿಲ್ಲದೆ ಇಟ್ಟಿದ್ದು ಕಾರಣವಿರಬಹುದೇ ಎಂದು ಕೇಳಿದೆ. ಇರಬಹುದು ಎಂದರು. "ಇವು ಬೇರೆಯವರ ಬಾಯಿಗೆ ಆಹಾರವಾಗುವ ಪ್ರಾಣಿಗಳು. ನೋವಿದೆ ಎಂದು ತೋರಿಸಿಕೊಂಡರೆ ಕಾಡಿನಲ್ಲಿ ಬದುಕುವುದಿಲ್ಲ. ಅದಕ್ಕೇ ಕೊನೆಯವರೆಗೂ ಮುಚ್ಚಿಡುತ್ತವೆ. ಪೂರ್ತಿ ಊಟ ಬಿಟ್ಟು ಅರ್ಧ ದಿನವಾದರೆ ಕರುಳೇ ನಿಂತುಹೋಗಬಹುದು, ಕಾಯಬೇಡಿ. ಮನೆಯಲ್ಲಿರುವ ಮನುಷ್ಯರ ಆಂಟಿಬಯಾಟಿಕ್ ಅಂತೂ ಮುಟ್ಟಿಸಬೇಡಿ, ಅಮಾಕ್ಸಿಸಿಲಿನ್‌ನಂಥದ್ದು ಇವಕ್ಕೆ ವಿಷ."

ಮಂಪರು ಕೊಟ್ಟು ಹಲ್ಲಿನ ಮೊನೆ ತೆಗೆದರು. ಒಂದು ವಾರ ನಾಲ್ಕೈದು ತಾಸಿಗೊಮ್ಮೆ ಹುಲ್ಲಿನ ಪುಡಿಯನ್ನು ನೀರಲ್ಲಿ ಕಲಸಿ ಸಿರಿಂಜಿನಿಂದ ತಿನ್ನಿಸಬೇಕು. ಹಗಲು ಪಾಳಿ ಆಯಿಯದ್ದು. ನಾವೆಲ್ಲ ಹೆದರುತ್ತಾ ಬಾಯಿಗೆ ಸಿರಿಂಜು ಹಿಡಿದರೆ, ಅವಳು ಕರುವಿಗೆ ಗೊಟ್ಟದಲ್ಲಿ ಔಷಧ ಹಾಕಿದವಳು. ಸೀರೆಯ ಸೆರಗಿನಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡು, ಬಾಯಿಯ ಪಕ್ಕದಿಂದ ಹನಿಹನಿಯಾಗಿ ಹಾಕುತ್ತಾ, "ತಿನ್ನು ಕೂಸೆ, ತಿನ್ನು" ಎನ್ನುತ್ತಿದ್ದಳು.

ಮೂರನೇ ರಾತ್ರಿ ಹನ್ನೊಂದು ಗಂಟೆಯ ಪಾಳಿಯಲ್ಲಿ ನಾನು ಮತ್ತು ಆಯಿ ಇಬ್ಬರೇ ಎಚ್ಚರವಿದ್ದೆವು. ಲಡ್ಡುವಿನ ಬಾಯಿ ಒರೆಸುತ್ತಾ, ನನ್ನ ಕಡೆ ನೋಡದೆ ಆಯಿ ಹೇಳಿದಳು.

"ಯಂಗೂ ಹಲ್ಲೇ ತಮಾ."

ನನಗೆ ಅರ್ಥವಾಗಲಿಲ್ಲ.

"ಕೆಳಗಿನ ಸೆಟ್ಟು ಹಾಕಿಕೊಂಡ್ರೆ ವಸಡು ಕಡಿತು. ಅಗಿಯಲೆ ಆಗ್ತಿಲ್ಲೆ."

ಯಾವಾಗಿನಿಂದ ಎಂದು ಕೇಳಿದೆ. ಚೌತಿ ಹಬ್ಬದ ಸುಮಾರಿಗೆ ಶುರುವಾಗಿದ್ದು ಎಂದಳು. ಅಂದರೆ ಏಳೆಂಟು ತಿಂಗಳು! ಹೇಳಬಾರದಿತ್ತೇ ಎಂದರೆ, "ನೀನು ಬಪ್ಪುದೇ ರಾತ್ರಿ ಒಂಬತ್ತಕ್ಕೆ. ಬಂದವಂಗೆ ಎಂತ ಹೇಳದು?" ಎಂದಳು. ದೂರುವ ದನಿ ಇರಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಆ ರಾತ್ರಿ ನಿದ್ದೆ ಬರಲಿಲ್ಲ. ಮೊದಲು ಚಪಾತಿ ಬಿಟ್ಟಳು, ಆಮೇಲೆ ಪಲ್ಯ, ಹಪ್ಪಳ. ಇತ್ತೀಚೆಗೆ ಎರಡು ಹೊತ್ತೂ ತಂಬುಳಿ ಅನ್ನ, ಮಜ್ಜಿಗೆ ಅನ್ನ ಅಷ್ಟೇ. ವಯಸ್ಸಾಯಿತು, ಊರಿನ ನೆನಪು, ಸೆಕೆ ಎಂದೆಲ್ಲ ನಾವೇ ಕಾರಣ ಬರೆದು ಫೈಲು ಮುಚ್ಚಿದ್ದೆವು. ಬಳೆ ಮೊಣಕೈವರೆಗೆ ಜಾರುವುದನ್ನು ನಾನೂ ಕಂಡಿದ್ದೆ.

ಮರುದಿನ ರಜೆ ಹಾಕಿದೆ. ಹೊರಡುವ ಮೊದಲು ಆಯಿಯನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದೆ. ಮೂವತ್ತೊಂಬತ್ತು ಕಿಲೋ. ಎರಡು ವರ್ಷದ ಹಿಂದಿನ ಕಣ್ಣಿನ ಪೊರೆಯ ಆಪರೇಷನ್ ಕಾಗದದಲ್ಲಿ ನಲವತ್ತೇಳು ಎಂದಿತ್ತು. ಮಧ್ಯದ ಎಂಟು ಕಿಲೋಗೆ ನನ್ನ ಹತ್ತಿರ ಯಾವ ಎಂಟ್ರಿಯೂ ಇರಲಿಲ್ಲ. ಗಿನಿ ಪಿಗ್ಗಿನ ತೊಂಬತ್ತು ಗ್ರಾಮಿಗೆ ಅಂದೇ ಠಾಣೆಗೆ ಓಡಿದ್ದವನು ನಾನು.

ಹಲ್ಲಿನ ಡಾಕ್ಟರು ನೋಡಿ, ಹಳೆಯ ಸೆಟ್ಟು ಸಡಿಲವಾಗಿ ಅಂಚು ಒತ್ತಿ ಹುಣ್ಣಾಗಿದೆ, ವಯಸ್ಸಾದಂತೆ ವಸಡಿನ ಮೂಳೆ ಸವೆಯುವುದರಿಂದ ಹೀಗಾಗುತ್ತದೆ ಎಂದರು. ಹುಣ್ಣು ಮಾಯುವ ತನಕ ಸೆಟ್ಟು ತೆಗೆದಿಡಿ, ಆಮೇಲೆ ಹೊಸ ಅಳತೆ. ತೂಕ ಇಳಿದಿದ್ದಕ್ಕೆ ಬೇರೆ ಕಾರಣವೇನಾದರೂ ಇದೆಯೇ ಎಂದು ರಕ್ತ ಪರೀಕ್ಷೆಯೂ ಆಯಿತು. ದೇವರ ದಯೆ, ಏನೂ ಇರಲಿಲ್ಲ. ಆ ಎರಡು ತಿಂಗಳು ಅವಳಿಗೆ ರಾಗಿ ಗಂಜಿ, ಮೆತ್ತಗೆ ಬೇಯಿಸಿದ ಬೇಳೆ, ಬಾಳೆಹಣ್ಣಿನ ರಸಾಯನ. ಬಡಿಸಿ ಎದುರಿಗೆ ಕೂರುವುದು ನನ್ನ ಪಾಳಿ.

ಲಡ್ಡು ಎರಡನೇ ವಾರಕ್ಕೇ ಹುಲ್ಲು ಹಿಡಿದಳು. ಈಗ 930. ಅವಳ ಹಲ್ಲು ಮತ್ತೆ ಬೆಳೆಯಬಹುದು, ಆಗಾಗ ತೋರಿಸುತ್ತಿರಬೇಕು. ಡೈರಿಯಲ್ಲಿ ಈಗ ಮೂರನೇ ಕಾಲಂ ಇದೆ. ಮೊನ್ನೆಯ ಭಾನುವಾರ ಅದರಲ್ಲಿ ನಲವತ್ತೆರಡೂವರೆ. ಬರೆದ ಮೇಲೆ ಹಿಂದಿನ ಸಾಲನ್ನೂ ಓದುತ್ತೇನೆ.

ನಿಮ್ಮ ಮಕ್ಕಳೂ ಗಿನಿ ಪಿಗ್ ಬೇಕೆಂದು ಹಟ ಹಿಡಿದಿದ್ದರೆ ನಾನು ಬೇಡ ಎನ್ನುವುದಿಲ್ಲ. ಆದರೆ ಐದರಿಂದ ಎಂಟು ವರ್ಷದ ಜವಾಬ್ದಾರಿ ಎಂದು ತಿಳಿದುಕೊಂಡೇ ತನ್ನಿ. ಎರಡನ್ನು ತನ್ನಿ, ಎರಡೂ ಹೆಣ್ಣೇ ಎಂದು ಡಾಕ್ಟರರಿಗೆ ತೋರಿಸಿಕೊಳ್ಳಿ, ಇಲ್ಲದಿದ್ದರೆ ಸಂಸಾರ ಬೇಗ ದೊಡ್ಡದಾಗುತ್ತದೆ. ಇವನ್ನು ನೋಡುವ ಡಾಕ್ಟರು ಎಲ್ಲಿದ್ದಾರೆಂದು ಮೊದಲೇ ವಿಚಾರಿಸಿಡಿ. ಒಂದು ತಕ್ಕಡಿ ಇಟ್ಟುಕೊಳ್ಳಿ. ಮನೆಯಲ್ಲಿ ಹಿರಿಯರಿದ್ದರೆ ಅವರು ತಟ್ಟೆಯಲ್ಲಿ ಏನು ಬಿಡುತ್ತಿದ್ದಾರೆ ಎಂದೂ ಒಮ್ಮೆ ನೋಡಿ.

ಈ ಸಲ ಚೌತಿಗೆ ಮನೆಯಲ್ಲೇ ಚಕ್ಲಿ ಮಾಡಿದೆವು. ಊರಿನ ಚಕ್ಲಿ ಕಂಬಳದ ಗದ್ದಲ ಇಲ್ಲಿ ಎಲ್ಲಿಂದ ಬರಬೇಕು? ನಾವು ನಾಲ್ಕೇ ಜನ. ಆಯಿ ಕೂತು ಗರಿಕೆ ಹಸನು ಮಾಡಿದಳು. ಇಪ್ಪತ್ತೊಂದು ಗಣಪನಿಗೆ, ಉಳಿದಿದ್ದು ಕೂಸುಗಳಿಗೆ. ನೈವೇದ್ಯವಾದ ಮೇಲೆ ಡಬ್ಬಿ ತೆಗೆದು ಒಂದು ಚಕ್ಲಿ ಮುರಿದು ಬಾಯಿಗೆ ಹಾಕಿಕೊಂಡಳು. ಕಟುಂ ಎಂದಿತು. ಮೂಲೆಯಿಂದ ಇಬ್ಬರೂ ತಮಗೇ ಏನೋ ಬಂತೆಂದು "ವೀಕ್ ವೀಕ್" ಎಂದು ಕೂಗತೊಡಗಿದರು.

"ನಿಂಗೆ ಅಲ್ದೇ, ಯಂಗೆ" ಎಂದಳು ಆಯಿ. ಮತ್ತೆ ಇನ್ನೊಂದು ತುಂಡು ಮುರಿದಳು.