ಹಿನ್ನೀರು ದಾಟುವ ತಂಪು

ಹೊಳೆಬಾಗಿಲಿನ ದಂಡೆಯಲ್ಲಿ ಲಾಂಚಿಗೆ ಕಾದು ನಿಂತ ವಾಹನಗಳ ಸಾಲಿನಿಂದ ನಮ್ಮ ಜೀಪು ಮಾತ್ರ ಹೊರಗೆ ನಿಂತಿತ್ತು. ಚಾಲಕರು ಅದನ್ನು ಬೇಕೆಂದೇ ಮರದ ನೆರಳಿಗೆ ಒಯ್ದು ನಿಲ್ಲಿಸಿದ್ದರು. ಮಾರ್ಚ್ ತಿಂಗಳ ಬುಧವಾರ, ಹನ್ನೊಂದು ಗಂಟೆಯ ಬಿಸಿಲು. ಶರಾವತಿ ಹಿನ್ನೀರಿನಲ್ಲಿ ಸೇತುವೆಯ ಕಂಬಗಳು ಎದ್ದಿದ್ದವು, ಸೇತುವೆ ಇನ್ನೂ ಆಗಿರಲಿಲ್ಲ. ಸಿಗಂದೂರಿಗೆ ಹೊರಟ ಭಕ್ತರು ಕಲ್ಲಂಗಡಿ ಹೋಳು ತಿನ್ನುತ್ತ ನೀರಿನತ್ತ ನೋಡುತ್ತಿದ್ದರು. ಜೀಪಿನ ಹಿಂಬದಿಯಲ್ಲಿ ಒಂದು ನೀಲಿ ಪೆಟ್ಟಿಗೆ. ಅದರ ಮುಚ್ಚಳದ ಮೇಲೆ ಅಂಗೈ ಇಟ್ಟೆ. ಬಿಸಿಯಾಗಿತ್ತು.

‘ಹೊರಗೆ ಬಿಸಿ, ಒಳಗೆ ಮಾಘ ಮಾಸದ ಚಳಿ ಸಾರ್’ ಎಂದರು ಚಾಲಕರು. ‘ತೆಗೆದು ತೋರಿಸಿ ಅಂತ ಮಾತ್ರ ಕೇಳಬೇಡಿ.’

ಆ ಪೆಟ್ಟಿಗೆಯಲ್ಲಿದ್ದದ್ದು ಹಿನ್ನೀರಿನಾಚೆಯ ತುಮರಿ ಕಡೆಯ ಮಕ್ಕಳ ಲಸಿಕೆ. ಪುಣೆ, ಹೈದರಾಬಾದಿನಂಥ ದೂರದ ಊರುಗಳ ಕಾರ್ಖಾನೆಗಳಲ್ಲಿ ತಯಾರಾದದ್ದು ರಾಜ್ಯದ ಉಗ್ರಾಣಕ್ಕೆ, ಅಲ್ಲಿಂದ ಜಿಲ್ಲೆಯ ಉಗ್ರಾಣಕ್ಕೆ ಬಂದು, ಈಗ ನನ್ನ ಜೊತೆ ಲಾಂಚಿಗೆ ಕಾಯುತ್ತಿತ್ತು. ಇಷ್ಟು ದಾರಿಯುದ್ದಕ್ಕೂ ಅದು 2ರಿಂದ 8 ಡಿಗ್ರಿ ಸೆಲ್ಸಿಯಸ್ ನಡುವೆಯೇ ಇರಬೇಕು. ವಿಮಾನ, ಲಾರಿ, ಜೀಪು, ದೋಣಿ ಎಲ್ಲ ಬದಲಾಗಬಹುದು, ಆ ತಂಪು ಬದಲಾಗಬಾರದು. ಹಗಲೆಲ್ಲ ಬೆವರುವ ನಮ್ಮ ನಾಡಿನಲ್ಲಿ ಇಂಥದ್ದೊಂದು ತಂಪು ಕೈಯಿಂದ ಕೈಗೆ ದಾಟುತ್ತ ಕಾಡಿನ ಅಂಚಿನವರೆಗೆ ಬರುತ್ತದೆ ಎನ್ನುವುದನ್ನು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಲಾಂಚ್ ಬಂತು. ಸಾಲಿನ ಮುಂದಿದ್ದ ಕಾರಿನವರು ಪೆಟ್ಟಿಗೆ ಕಂಡು ತಾವಾಗಿಯೇ ಹಿಂದೆ ಸರಿದು ಜಾಗ ಬಿಟ್ಟರು.

ನಡುನೀರಿಗೆ ಬಂದಾಗ ಮುಳುಗಿದ ಕಾಡಿನ ಬೊಡ್ಡೆಗಳು ಅಲ್ಲಲ್ಲಿ ಕಪ್ಪಗೆ ಕಾಣಿಸಿದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನೀರು ನಿಂತಾಗ ಇಲ್ಲಿನ ಊರು, ಗದ್ದೆ, ತೋಟ ಎಲ್ಲ ಕೆಳಗೆ ಹೋದವು. ಈ ನೀರಿನಿಂದ ಹುಟ್ಟಿದ ವಿದ್ಯುತ್ತು ನಾಡಿನ ಮನೆಮನೆಗೆ ಹೋಯಿತು. ಇಲ್ಲೇ ಉಳಿದವರ ಪಾಲಿಗೆ ಆಸ್ಪತ್ರೆ, ಕಾಲೇಜು, ಸಂತೆ ಎಲ್ಲಕ್ಕೂ ಈ ನೀರನ್ನು ದಾಟುವ ಕೆಲಸ ಬಂತು. ಅವರ ಮಕ್ಕಳ ಲಸಿಕೆಯೂ ಇದನ್ನು ದಾಟಿಯೇ ಬರಬೇಕು.

ನೀರಿನ ಮೇಲೆ ಲಸಿಕೆ ಸಾಗುವುದು ಹೊಸತಲ್ಲ. ಮಂಜುಗಡ್ಡೆಯ ಪೆಟ್ಟಿಗೆ ಇಲ್ಲದ ಕಾಲದಲ್ಲಿ ಸಿಡುಬಿನ ಲಸಿಕೆ ಮನುಷ್ಯರ ಮೈಯಲ್ಲೇ ಪಯಣಿಸುತ್ತಿತ್ತು. ಒಬ್ಬರ ತೋಳಿನಲ್ಲಿ ಎದ್ದ ಗುಳ್ಳೆಯ ರಸ ಎಂಟು ಹತ್ತು ದಿನಗಳಲ್ಲಿ ಇನ್ನೊಬ್ಬರ ತೋಳಿಗೆ. 1803ರಲ್ಲಿ ಸ್ಪೇನಿನಿಂದ ಅಮೆರಿಕದತ್ತ ಹೊರಟ ಹಡಗಿನಲ್ಲಿ ಹೀಗೆ 22 ಅನಾಥ ಬಾಲಕರನ್ನು ಕರೆದೊಯ್ದರು, ಲಸಿಕೆ ದಾರಿಯಲ್ಲಿ ಸಾಯದಿರಲಿ ಎಂದು. ನಮ್ಮ ದೇಶಕ್ಕೆ ಸಿಡುಬಿನ ಲಸಿಕೆ ಅದಕ್ಕೂ ಮುಂಚೆಯೇ ಬಾಗ್ದಾದ್, ಬಸ್ರಾ ದಾಟಿ ಬಂದು 1802ರ ಜೂನ್ 14ರಂದು ಮುಂಬಯಿಯ ಮೂರು ವರ್ಷದ ಮಗುವೊಂದರ ತೋಳಿಗೆ ತಲುಪಿತು. ಕೆಲವೇ ವರ್ಷಗಳಲ್ಲಿ ಮೈಸೂರಿನ ಅರಮನೆಗೂ ಬಂತು. ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿಯವರು ಸಿಡುಬಿನ ಲಸಿಕೆ ಹಾಕಿಸಿಕೊಂಡರು. ಸರಪಳಿಯಲ್ಲಿ ಒಂದು ತೋಳು ತಪ್ಪಿದರೂ ಲಸಿಕೆ ಅಲ್ಲಿಗೇ ಮುಗಿಯುತ್ತಿತ್ತು. ಲಾಂಚಿನ ಕಬ್ಬಿಣದ ಕಟಕಟೆ ಹಿಡಿದು ನಿಂತ ನನಗೆ ಆ 22 ಮಕ್ಕಳೇ ಕಣ್ಣ ಮುಂದೆ ಬಂದರು.

ತುಮರಿಯ ಆರೋಗ್ಯ ಕೇಂದ್ರದಲ್ಲಿ ಲಸಿಕೆಯ ಕೋಣೆ ಚಿಕ್ಕದು. ಅಲ್ಲಿ ಎರಡು ಪೆಟ್ಟಿಗೆಗಳು, ಎರಡರ ಮುಚ್ಚಳವೂ ಮೇಲಕ್ಕೆ ತೆರೆಯುವಂಥದ್ದು. ಒಂದು ಡೀಪ್ ಫ್ರೀಜರ್, ಐಸ್ ಪ್ಯಾಕ್ ಹೆಪ್ಪುಗಟ್ಟಿಸಲು. ಇನ್ನೊಂದು ಐಎಲ್‌ಆರ್ (ಐಸ್ ಲೈನ್ಡ್ ರೆಫ್ರಿಜರೇಟರ್), ಲಸಿಕೆಗೆ. ಕೇಂದ್ರದ ಸಿಸ್ಟರ್, ಬಂದ ಲಸಿಕೆಯನ್ನು ಒಂದೊಂದಾಗಿ ಎಣಿಸಿ, ತಾರೀಖು ನೋಡಿ, ಐಎಲ್‌ಆರ್‌ನ ಬುಟ್ಟಿಗಳಿಗೆ ಇಳಿಸಿದರು. ನಾನು ಬಗ್ಗಿ ನೋಡಿದೆ. ತಂಪು ಗಾಳಿ ಭಾರ, ಬಾವಿಯ ನೀರಿನಂತೆ ಕೆಳಗೇ ನಿಂತಿರುತ್ತದೆ. ನಮ್ಮ ಮನೆಯ ಫ್ರಿಜ್ಜಿನ ಬಾಗಿಲು ತೆರೆದರೆ ಆ ತಂಪು ಕಾಲ ಮೇಲೆ ಸುರಿದುಹೋಗುತ್ತದಲ್ಲ, ಇಲ್ಲಿ ಹಾಗಿಲ್ಲ. ಗೋಡೆಯ ಸುತ್ತ ಮಂಜಿನ ಪದರ. ದಿನಕ್ಕೆ ಎಂಟು ಗಂಟೆ ಕರೆಂಟ್ ಸಿಕ್ಕರೂ ಸಾಕು, ಒಳಗಿನ ತಂಪು ಹಾಗೇ ಇರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿಯುವ ಈ ಸೀಮೆಗೆ ಇಂಥದ್ದೇ ಬೇಕು.

ಲಸಿಕೆಗೆ ಸಂಬಂಧಿಸಿದ್ದನ್ನು ಬಿಟ್ಟು ಬೇರೇನನ್ನೂ ಅದರಲ್ಲಿ ಇಡುವಂತಿಲ್ಲ, ಕುಡಿಯುವ ನೀರಿನ ಬಾಟಲಿಯನ್ನೂ ಸಹ. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ ಥರ್ಮಾಮೀಟರ್ ನೋಡಿ ಬರೆಯುವ ಪುಸ್ತಕ ಪಕ್ಕದಲ್ಲೇ ತೂಗುತ್ತಿತ್ತು. ಭಾನುವಾರಕ್ಕೂ ಎರಡು ಸಾಲು, ಯುಗಾದಿಗೂ ಎರಡು ಸಾಲು. ಒಳಗಿರುವ ಪುಟ್ಟ ಯಂತ್ರ ತಂಪು ಹೆಚ್ಚುಕಡಿಮೆಯಾದರೆ ಸಿಸ್ಟರ್ ಮೊಬೈಲಿಗೆ ಸಂದೇಶ ಕಳಿಸುತ್ತದೆ. ‘ರಾತ್ರಿ ಎರಡು ಗಂಟೆಗೆ ಬಂದರೂ ಎದ್ದು ಬರ್ತೀನಿ’ ಎಂದರು, ಅದೇನೂ ದೊಡ್ಡ ಮಾತಲ್ಲ ಎಂಬಂತೆ.

ಲಸಿಕೆಗೆ ಬಿಸಿಯೊಂದೇ ಶತ್ರು ಎಂದುಕೊಂಡಿದ್ದೆ. ಗುರುವಾರ ಬೆಳಗ್ಗೆ ಏಳಕ್ಕೆ ಆ ತಿಳಿವಳಿಕೆ ಅಡಿಮೇಲಾಯಿತು. ಕರ್ನಾಟಕದಲ್ಲಿ ಗುರುವಾರ ಲಸಿಕೆಯ ದಿನ. ಸಿಸ್ಟರ್ ಫ್ರೀಜರಿನಿಂದ ನಾಲ್ಕು ಐಸ್ ಪ್ಯಾಕ್ ತೆಗೆದು ಮೇಜಿನ ಮೇಲೆ ಬಿಡಿಬಿಡಿಯಾಗಿ ಜೋಡಿಸಿ ಸುಮ್ಮನೆ ಕೂತರು. ಹೊರಗೆ ಬೈಕು ತಯಾರಾಗಿತ್ತು. ಹೊತ್ತಾಗುವುದಿಲ್ಲವೇ ಎಂದೆ.

‘ಕಲ್ಲಿನ ಹಾಗೆ ಗಟ್ಟಿ ಇರುವಾಗ ಇಟ್ಟುಬಿಟ್ರೆ ಪೆಂಟಾ ಹೆಪ್ಪುಗಟ್ಟಿ ಹಾಳಾಗುತ್ತೆ ಸಾರ್. ಹಾಳಾಗಿದ್ದು ಕಣ್ಣಿಗೆ ಥಟ್ಟನೆ ಕಾಣೋದೂ ಇಲ್ಲ.’

ಪೋಲಿಯೋ ಹನಿ ಹೆಪ್ಪುಗಟ್ಟಿದರೆ ಕೆಡುವುದಿಲ್ಲ, ಅದಕ್ಕೆ ಬಿಸಿ ಆಗದು. ಪೆಂಟಾವೇಲೆಂಟ್, ಹೆಪಟೈಟಿಸ್ ಬಿ, ಧನುರ್ವಾಯುವಿನ ಲಸಿಕೆಗಳು ತುಸು ಬಿಸಿ ತಡೆದಾವು, ಹೆಪ್ಪುಗಟ್ಟಿದರೆ ಮಾತ್ರ ಮುಗಿಯಿತು. ಕರಗಿದ ಮೇಲೆ ಸೀಸೆಯನ್ನು ಅಲುಗಿಸಿ ಇಟ್ಟರೆ ಒಡೆದ ಹಾಲಿನ ಹಾಗೆ ಚೂರುಗಳು ಬೇಗ ತಳಕ್ಕೆ ಇಳಿಯುತ್ತವಂತೆ, ಮೇಲೆ ತಿಳಿನೀರು. ತರಬೇತಿಯಲ್ಲಿ ಅದನ್ನು ನೋಡಿದಂದಿನಿಂದ ಗಡಿಬಿಡಿ ಮಾಡಿದ್ದೇ ಇಲ್ಲ ಎಂದರು. ಒಂದೆಡೆ ಬಿಸಿ, ಇನ್ನೊಂದೆಡೆ ಹೆಪ್ಪು. ನಡುವಿನ ಆರು ಡಿಗ್ರಿಯ ಕಿರುದಾರಿಯಲ್ಲಿ ಇವರು ದಿನವೂ ನಡೆಯುತ್ತಾರೆ.

ಐಸ್ ಪ್ಯಾಕಿನ ಮೈ ಬೆವರತೊಡಗಿತು. ಸಿಸ್ಟರ್ ಒಂದನ್ನು ಎತ್ತಿ ಕಿವಿಯ ಬಳಿ ಹಿಡಿದು ಅಲುಗಿಸಿದರು. ಇಲ್ಲ ಎಂದು ತಲೆಯಾಡಿಸಿ ಮತ್ತೆ ಇಟ್ಟರು. ಸ್ವಲ್ಪ ಹೊತ್ತಿಗೆ ಮತ್ತೊಮ್ಮೆ. ಈ ಸಲ ನನ್ನ ಕಿವಿಗೂ ಹಿಡಿದರು. ಒಳಗೆ ಗಡ್ಡೆಯ ಸುತ್ತ ನೀರು ಕುಲುಕಿದ ಸಣ್ಣ ಸದ್ದು, ಎಳನೀರಿನ ಬುರುಡೆ ಅಲುಗಿಸಿದಂತೆ. ಅದೇ ಗುರುತು. ತೇವ ಒರೆಸಿ ನಾಲ್ಕನ್ನೂ ಲಸಿಕೆ ಒಯ್ಯುವ ನೀಲಿ ಕ್ಯಾರಿಯರಿನ ನಾಲ್ಕು ಗೋಡೆಗೆ ನಿಲ್ಲಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದ ಲಸಿಕೆಯನ್ನು ನಡುವೆ ಇಟ್ಟು ಮುಚ್ಚಳ ಒತ್ತಿದರು.

ಬೈಕು ಹೋಗುವಷ್ಟು ದೂರ ಬೈಕು. ಆಮೇಲೆ ಅಡಿಕೆ ತೋಟದ ಬದು, ಒಂದು ಸಂಕ, ಎರಡು ದಣಪೆ. ಸಿಸ್ಟರ್ ಹೆಗಲಲ್ಲಿ ಆ ನೀಲಿ ಡಬ್ಬ. ನಾನು ಹೊರುತ್ತೇನೆಂದರೆ ಕೊಡಲಿಲ್ಲ. ಅಂಗನವಾಡಿಯಲ್ಲಿ ಆಶಾ ಕಾರ್ಯಕರ್ತೆ ಪಟ್ಟಿ ಹಿಡಿದು ಕಾಯುತ್ತಿದ್ದರು. ಏಳು ಮಕ್ಕಳು ಬರಬೇಕಿತ್ತು, ಆರು ಬಂದಿದ್ದವು.

ಅಲ್ಲಿ ಸಿಸ್ಟರ್ ಸೀಸೆಯೊಂದನ್ನು ಬೆಳಕಿಗೆ ಹಿಡಿದು ಅದರ ಮೇಲಿನ ಗುರುತು ತೋರಿಸಿದರು. ಹೆಸರುಕಾಳಿನಷ್ಟು ಚಿಕ್ಕದಾದ ನೇರಳೆ ವೃತ್ತ, ಅದರೊಳಗೆ ಬಿಳಿ ಚೌಕ. ಸೀಸೆ ಬಿಸಿ ಉಂಡಷ್ಟೂ ಆ ಚೌಕ ಗಾಢವಾಗುತ್ತ ಹೋಗುತ್ತದೆ. ಮತ್ತೆ ತಂಪಿಗಿಟ್ಟರೂ ಬಣ್ಣ ಹಿಂದಕ್ಕೆ ಬರುವುದಿಲ್ಲ. ಚೌಕ ವೃತ್ತದ ಬಣ್ಣಕ್ಕೆ ತಿರುಗಿತೋ, ಆ ಸೀಸೆ ಬಳಸುವಂತಿಲ್ಲ. ಕಾರ್ಖಾನೆಯಿಂದ ಈ ಅಂಗನವಾಡಿಯವರೆಗೆ ಪಟ್ಟ ಬಿಸಿಯ ಲೆಕ್ಕವನ್ನೆಲ್ಲ ಆ ಚುಕ್ಕೆ ಬರೆದಿಟ್ಟುಕೊಂಡಿತ್ತು. ನಮ್ಮ ಸೀಸೆಯ ಚೌಕ ಮೊಲದ ಹಲ್ಲಿನಷ್ಟು ಬಿಳುಪಾಗಿತ್ತು. ನನಗೆ ಕಣ್ಣು ತುಂಬಿತು.

ದಡಾರ, ರುಬೆಲ್ಲಾ ಲಸಿಕೆಗೆ ಇದ್ದದ್ದು ಒಂಬತ್ತು ತಿಂಗಳ ಒಂದೇ ಮಗು. ಆ ಸೀಸೆ ಹಲವು ಮಕ್ಕಳಿಗಾಗುವಂಥದ್ದು, ದ್ರಾವಣ ಬೆರೆಸಿದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಎಸೆಯಬೇಕು. ಅಷ್ಟು ದೂರದಿಂದ ತಂದದ್ದು ಹಾಳಾಗುತ್ತದಲ್ಲ ಎಂದು ನಾನು ಉಗುಳು ನುಂಗಿದೆ. ಸಿಸ್ಟರ್ ಹಿಂದೆಮುಂದೆ ನೋಡಲಿಲ್ಲ. ಸೀಸೆಯ ಮೇಲೆ ಪೆನ್ನಿನಿಂದ 10.20 ಎಂದು ಬರೆದು ಬೆರೆಸಿಯೇಬಿಟ್ಟರು. ‘ಒಂದೇ ಮಗು ಬಂದ್ರೂ ಒಡೀಲೇಬೇಕು. ಸೀಸೆ ಇನ್ನೊಂದು ಬರುತ್ತೆ, ಈ ಮಗು ವಾಪಸ್ ಹೋದ್ರೆ ಬರುತ್ತೋ ಇಲ್ವೋ.’ ಮಗು ಕಿರುಚಿತು, ತಾಯಿ ಸೆರಗಿನಲ್ಲಿ ಮುಚ್ಚಿಕೊಂಡಳು. ಎಲ್ಲರೂ ಅರ್ಧ ಗಂಟೆ ಕೂತೇ ಹೋಗಬೇಕೆಂದು ಹೇಳಿ, ಸಿಸ್ಟರ್ ‘ತಾಯಿ ಕಾರ್ಡ್’ನಲ್ಲಿ ಮುಂದಿನ ತಾರೀಖು ಬರೆದುಕೊಟ್ಟರು.

ಬಾರದೆ ಉಳಿದ ಏಳನೆಯ ಮಗುವಿನ ಮನೆ ಹಿನ್ನೀರಿನ ದಂಡೆಯ ಆಚೆ ಕೊನೆಯಲ್ಲಿ. ಮಧ್ಯಾಹ್ನ ಡಬ್ಬ ಹೆಗಲಿಗೇರಿಸಿ ಅಲ್ಲಿಗೂ ನಡೆದೆವು. ಸಂಜೆಗೆ ತುಮರಿಗೆ ಬಂದಾಗ ತೆರೆದ ತಾರೀಖು ಬರೆದ ಪೆಂಟಾ ಸೀಸೆ ಮತ್ತೆ ಐಎಲ್‌ಆರ್ ಸೇರಿತು, 28 ದಿನದವರೆಗೆ ಅದನ್ನು ಬಳಸಬಹುದು. ಪುಸ್ತಕದಲ್ಲಿ ಸಂಜೆಯ ಸಾಲು: 4 ಡಿಗ್ರಿ.

2025ರ ಜುಲೈನಲ್ಲಿ ಸೇತುವೆ ತೆರೆಯಿತು. ಲಸಿಕೆಯ ಜೀಪು ಈಗ ಲಾಂಚಿಗೆ ಕಾಯಬೇಕಿಲ್ಲ. ಮುಂದಿನ ಗುರುವಾರ ನಿಮ್ಮ ಮಗುವನ್ನೋ ಮೊಮ್ಮಗುವನ್ನೋ ಎತ್ತಿಕೊಂಡು ಹೋದಾಗ ಸೀಸೆಯ ಮೇಲಿನ ಆ ಚೌಕ ತೋರಿಸಿ ಎಂದು ಸಿಸ್ಟರನ್ನು ಕೇಳಿ. ಸಂತೋಷದಿಂದ ತೋರಿಸುತ್ತಾರೆ.